ಡಿಕೋಡರ್ ಮೇಲೆ ಗೂಬೆ ಕೂರಿಸುವ ಮುಂಚೆ: ಮಾದರಿ ರೈಲು ಎಂಜಿನ್‌ನ ಡಿಸಿಸಿ ವೈರಿಂಗ್ ದೋಷ ನಿವಾರಣೆ

ಡಿಸಿಸಿ ಅಂದರೆ ಹಳಿಯ ಮೂಲಕವೇ ಎಂಜಿನ್‌ಗೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ, ಆ ಆಜ್ಞೆ ಓದುವ ಪುಟ್ಟ ಸರ್ಕ್ಯೂಟೇ ಡಿಕೋಡರ್. ಹಳೆಯ ಮಾದರಿ ಎಂಜಿನ್‌ಗೆ ಅದನ್ನು ಕೂರಿಸಿ ಹಳಿ ಮೇಲೆ ಇಡುತ್ತೀರಿ. ಎಂಜಿನ್ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಅಥವಾ ಓಡುತ್ತದೆ, ಲೈಟು ಮಾತ್ರ ಬರುವುದಿಲ್ಲ. ಅಥವಾ ಕರೆಂಟ್ ಕೊಟ್ಟ ಕೂಡಲೇ, ಆಜ್ಞೆ ಕಳಿಸುವ ಕಮಾಂಡ್ ಸ್ಟೇಷನ್ ಶಾರ್ಟ್ ಅಂತ ತೋರಿಸಿ ಸುಮ್ಮನಾಗುತ್ತದೆ. ಆಗ ಬಾಯಿಗೆ ಬರುವ ಮಾತು ಒಂದೇ: "ಡಿಕೋಡರೇ ಕೆಟ್ಟಿದೆ."

ಹೊಸ ಡಿಕೋಡರ್ ಡಬ್ಬದಿಂದಲೇ ಕೆಟ್ಟು ಬರುವುದು ಅಪರೂಪ. ವೈರಿಂಗ್ ತಪ್ಪಿ ಅದು ಸುಡುವುದು ಮಾಮೂಲಿ. ಇನ್ನೂ ಸುಟ್ಟಿಲ್ಲ ಅಂದರೆ ತಪ್ಪು ಬೇರೆ ಎಲ್ಲೋ ಇರುತ್ತದೆ: ಚಾಸಿಗೆ (ಎಂಜಿನ್ನಿನ ಲೋಹದ ತಳಚೌಕಟ್ಟಿಗೆ) ತಾಗಿದ ಬ್ರಷ್ (ಮೋಟರ್‌ಗೆ ಕರೆಂಟು ಮುಟ್ಟಿಸುವ ತುಂಡು), ಉಲ್ಟಾ ಕೂತ ಪ್ಲಗ್, ಕೊಳೆ ಹಿಡಿದ ಚಕ್ರ, ಇಲ್ಲವೇ ಯಾವುದೋ ಒಂದು ಸಿವಿ, ಅಂದರೆ ಡಿಕೋಡರ್ ಒಳಗೆ ನಂಬರು ಕೊಟ್ಟು ಇಟ್ಟಿರುವ ಒಂದು ಸೆಟ್ಟಿಂಗ್. ಡಿಕೋಡರ್ ಹೊರದೇಶದಿಂದ ತರಿಸುವ ಮಾಲು, ಅಗ್ಗವೂ ಅಲ್ಲ. ಹಾಗಾಗಿ ಅದನ್ನು ಕಟ್ಟಕಡೆಗೆ ಅನುಮಾನಿಸೋಣ.

ಇಲ್ಲಿ ಹೇಳುವುದು ಎರಡು ಹಳಿಯ ಎಚ್‌ಒ ಎಂಜಿನ್‌ಗಳ ಬಗ್ಗೆ, ಅಂದರೆ 1:87 ಅಳತೆಯವು. ಇನ್ನೂ ಚಿಕ್ಕದಾದ ಎನ್ ಸ್ಕೇಲ್‌ಗೂ ಇದೇ ಲೆಕ್ಕ, ಕೈಯಾಡಿಸಲು ಜಾಗ ಕಡಿಮೆ ಅಷ್ಟೇ.

ಯಾವ ವೈರು ಎಲ್ಲಿಗೆ

ಹಳೆಯ ಡಿಸಿ ಪದ್ಧತಿಯಲ್ಲಿ ಹಳಿಯ ಕರೆಂಟು ಚಕ್ರದಿಂದ ನೇರವಾಗಿ ಮೋಟರ್‌ಗೆ ಹೋಗುತ್ತದೆ. ವೇಗ ಬೇಕಾದರೆ ವೋಲ್ಟೇಜ್ ಏರಿಸಬೇಕು, 0ಯಿಂದ 12ರವರೆಗೆ. ಡಿಸಿಸಿಯಲ್ಲಿ ಹಳಿಗೆ ಸದಾ ಪೂರ್ತಿ ವೋಲ್ಟೇಜ್ ಇರುತ್ತದೆ. ಎಚ್‌ಒದಲ್ಲಿ ಅದು ಸಾಮಾನ್ಯವಾಗಿ 14-15 ವೋಲ್ಟ್. ಅದೂ ಪ್ಲಸ್-ಮೈನಸ್ ಅದಲು ಬದಲಾಗುತ್ತಲೇ ಇರುವ ಚೌಕಾಕಾರದ ಅಲೆ. ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ 1, 100 ಅಥವಾ ಜಾಸ್ತಿ ಇದ್ದರೆ 0. ಡಿಕೋಡರ್ ಇದನ್ನು ಓದಿಕೊಂಡು, ತಾನೇ ಬೇರೆಯಾಗಿ ಮೋಟರ್‌ಗೆ ಕರೆಂಟ್ ಕೊಡುತ್ತದೆ. ಅಂದರೆ ಹಳಿಗೂ ಮೋಟರ್‌ಗೂ ನೇರ ಸಂಬಂಧ ಒಂಚೂರೂ ಉಳಿಯಬಾರದು. ಉಳಿದರೆ ಹಳಿಯ ಪೂರ್ತಿ ಕರೆಂಟು ಮೋಟರ್ ಕಡೆಯಿಂದ ಡಿಕೋಡರ್‌ನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ, ಡಿಕೋಡರ್ ಹೊಗೆ ಬಿಡುತ್ತದೆ.

ವೈರಿನ ಬಣ್ಣಗಳನ್ನು ಅಮೆರಿಕದ ಮಾದರಿ ರೈಲು ಸಂಸ್ಥೆ ಎನ್‌ಎಂಆರ್‌ಎ ಗೊತ್ತು ಮಾಡಿದೆ. ಕೆಂಪು ಬಲಗಡೆ ಹಳಿಗೆ, ಕಪ್ಪು ಎಡಗಡೆ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟರ್‌ಗೆ. ಬಿಳಿ ಮುಂದಿನ ಲೈಟಿಗೆ, ಹಳದಿ ಹಿಂದಿನ ಲೈಟಿಗೆ. ನೀಲಿ ಎಲ್ಲ ಲೈಟುಗಳಿಗೂ ಸೇರಿದ ಪ್ಲಸ್. ಹಸಿರು ಮತ್ತು ನೇರಳೆ ಮಿಕ್ಕ ಫಂಕ್ಷನ್‌ಗಳಿಗೆ. ಒಂದು ಎಚ್ಚರಿಕೆ: ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಂಜಿನ್‌ಗಳ ಒಳಗಿನ ವೈರುಗಳಿಗೆ ಬೇರೆಯೇ ಬಣ್ಣ. ಅಲ್ಲಿ ನೀಲಿ ಮತ್ತು ಹಸಿರು ಮೋಟರ್‌ಗೆ ಹೋಗುತ್ತವೆ, ಕಿತ್ತಳೆ ಲೈಟಿನ ಪ್ಲಸ್. ಸೆಕೆಂಡ್ ಹ್ಯಾಂಡ್ ಎಂಜಿನ್ ಬಿಚ್ಚಿದಾಗ ಬಣ್ಣ ನಂಬಬೇಡಿ, ವೈರು ಎಲ್ಲಿಗೆ ಹೋಗಿದೆ ಅಂತ ನೋಡಿ.

ಕರೆಂಟ್ ಕೊಡುವ ಮುಂಚೆ ಮೀಟರ್

ಜಾಸ್ತಿ ಹೊತ್ತು ಕಳೆಯಬೇಕಾದ್ದು ಇಲ್ಲೇ. ಡಿಕೋಡರ್ ಇನ್ನೂ ಕೂರಿಸಿರಬಾರದು, ಬಲ್ಬುಗಳ ವೈರೂ ಬಿಚ್ಚಿರಬೇಕು. ಮಲ್ಟಿಮೀಟರನ್ನು ಬೀಪ್ ಮಾಡುವ ಕಂಟಿನ್ಯುಟಿಗೆ ಇಡಿ. ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಬೀಪ್ ಬರಬಾರದು. ಮೋಟರ್‌ನ ಎರಡೂ ಬ್ರಷ್‌ಗಳಿಂದ ಒಂದೊಂದಾಗಿ ಎಡ ಚಕ್ರಕ್ಕೆ, ಬಲ ಚಕ್ರಕ್ಕೆ, ಚಾಸಿಗೆ ಮುಟ್ಟಿಸಿ ನೋಡಿ. ಎಲ್ಲೂ ಸದ್ದು ಬರಬಾರದು.

ಬೀಪ್ ಬಂತು ಅಂದುಕೊಳ್ಳಿ. ಒಂದು ಬ್ರಷ್ ಚಾಸಿಗೆ ತಾಗಿದ್ದರೂ ಎರಡು ಬ್ರಷ್‌ಗಳಿಂದಲೂ ಬೀಪ್ ಬರಬಹುದು, ಯಾಕೆಂದರೆ ಮೋಟರ್ ಸುರುಳಿಯ ರೆಸಿಸ್ಟೆನ್ಸ್ ಕಡಿಮೆ, ಅದರ ಮೂಲಕವೇ ಮೀಟರ್ ದಾರಿ ಕಂಡುಕೊಳ್ಳುತ್ತದೆ. ಆಗ ಮೀಟರನ್ನು 200 ಓಮ್‌ಗೆ ತಿರುಗಿಸಿ. ಯಾವ ಬ್ರಷ್‌ನಿಂದ ಚಾಸಿಗೆ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೋ ಅದೇ ಕಳ್ಳ. ಇನ್ನೊಂದು ಸುರುಳಿಯಷ್ಟು ಓಮ್ ತೋರಿಸುತ್ತದೆ.

ಮೇಜಿನ ಮೇಲೆ ಎಲ್ಲ ಸರಿ ಇದ್ದರೂ ನಂಬುವ ಹಾಗಿಲ್ಲ. ಮೀಟರ್ ಕಡ್ಡಿಗಳನ್ನು ಬ್ರಷ್‌ಗೂ ಚಾಸಿಗೂ ಹಿಡಿದುಕೊಂಡೇ ಬೋಗಿಗಳನ್ನು (ಇಲ್ಲಿ ಬೋಗಿ ಅಂದರೆ ಎಂಜಿನ್ನಿನ ಅಡಿಯಲ್ಲಿ ಚಕ್ರಗಳನ್ನು ಹೊತ್ತು ತಿರುಗುವ ಚೌಕಟ್ಟು) ಕೊನೆಯವರೆಗೂ ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಚಕ್ರವನ್ನು ಬೆರಳಿನಿಂದ ಉರುಳಿಸಿ. ತಿರುವಿನಲ್ಲಿ ಮಾತ್ರ ಶಾರ್ಟ್ ಆಗುವ ಎಂಜಿನ್‌ಗಳು ಇಲ್ಲಿ ಸಿಕ್ಕಿಬೀಳುತ್ತವೆ: ಬೋಗಿ ಒಂದು ಕೋನಕ್ಕೆ ಬಂದಾಗ ಕ್ಷಣಕಾಲ ಬೀಪ್, ಮತ್ತೆ ಮೌನ. ಕೊನೆಗೆ ಮೇಲಿನ ಬಾಡಿ ಕೂರಿಸಿ, ಸ್ಕ್ರೂ ಬಿಗಿದು, ಚಕ್ರದಿಂದ ಚಕ್ರಕ್ಕೆ ಮತ್ತೊಮ್ಮೆ ನೋಡಿ. ಬಾಡಿ ಒತ್ತಿದಾಗ ವೈರು ಚಾಸಿಯ ಅಂಚಿಗೆ ಸಿಕ್ಕಿ ಸಿಪ್ಪೆ ಕಿತ್ತುಬರುವುದು ಬಹಳ ಸಾಮಾನ್ಯ.

ಚಾಸಿಯೇ ವೈರಿನ ಕೆಲಸ ಮಾಡುವ ಎಂಜಿನ್‌ಗಳಿಗೆ ಒಳ್ಳೆಯ ಉದಾಹರಣೆ ಅಥರ್ನ್ ಕಂಪನಿಯ ಹಳೆಯ ನೀಲಿ ಡಬ್ಬದ ಡೀಸೆಲ್ ಎಂಜಿನ್‌ಗಳು. ಅಮೆರಿಕದಲ್ಲಿ ಮಾದರಿ ರೈಲಿನ ಹವ್ಯಾಸಿಗಳ ಹತ್ತಿರ ಬಹಳ ಇದ್ದವು, ಈಗಲೂ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಡಿಸಿ ಕಾಲದ ವಿನ್ಯಾಸ, ಆ ಕಾಲಕ್ಕೆ ಅದು ಸರಿಯಾಗೇ ಇತ್ತು. ಒಂದು ಹಳಿಯ ಕರೆಂಟು ಬೋಗಿಯಿಂದ ಲೋಹದ ಚಾಸಿಗೆ ಬರುತ್ತದೆ. ಇನ್ನೊಂದು ಹಳಿಯದ್ದು ಬೋಗಿಯ ಮೇಲೆ ಎದ್ದು ನಿಂತ ತಗಡಿನಿಂದ ಉದ್ದನೆಯ ಲೋಹದ ಪಟ್ಟಿಗೆ, ಅಲ್ಲಿಂದ ಮೋಟರ್‌ನ ಮೇಲಿನ ಬ್ರಷ್ ಕ್ಲಿಪ್‌ಗೆ. ಮೋಟರ್‌ನ ಕೆಳಗಿನ ಕ್ಲಿಪ್‌ಗೆ ಎರಡು ಪುಟ್ಟ ಕಾಲುಗಳಿವೆ. ಅವು ಚಾಸಿಯನ್ನು ಒತ್ತಿ ಕೂರುತ್ತವೆ. ಮೋಟರನ್ನು ಎತ್ತದೇ ಇದ್ದರೆ ಈ ಕಾಲುಗಳು ಕಣ್ಣಿಗೇ ಬೀಳುವುದಿಲ್ಲ. ಮೇಲಿನ ಪಟ್ಟಿ ತೆಗೆದು, ಡಿಕೋಡರ್ ವೈರು ಹಾಕಿ, ಕೆಲಸ ಮುಗಿಯಿತು ಅಂದುಕೊಂಡವರ ಡಿಕೋಡರ್ ಸುಡುವುದು ಇದರಿಂದಲೇ.

ಪರಿಹಾರ ಕಷ್ಟದ್ದಲ್ಲ. ಮೋಟರ್ ಬಿಚ್ಚಿ ಹೊರತೆಗೆಯಿರಿ. ಕೆಳಗಿನ ಕ್ಲಿಪ್ ಮೆಲ್ಲಗೆ ಎತ್ತಿ, ಬ್ರಷ್ ಹಿಂದಿನ ಸ್ಪ್ರಿಂಗ್ ಮೇಲೆ ಬೆರಳಿಟ್ಟುಕೊಂಡೇ ಎತ್ತಿ, ಹಾರಿದರೆ ಮತ್ತೆ ಸಿಗುವುದಿಲ್ಲ. ಕ್ಲಿಪ್ಪಿನ ಎರಡು ಕಾಲನ್ನೂ ಕತ್ತರಿಸಿ ಅಥವಾ ಚಪ್ಪಟೆ ಮಾಡಿ, ಬೂದು ವೈರನ್ನು ಅದಕ್ಕೆ ಬೆಸುಗೆ ಹಾಕಿ. ಕ್ಲಿಪ್ಪನ್ನು ಮೋಟರ್‌ನಿಂದ ತೆಗೆದ ಮೇಲೆಯೇ ಬೆಸುಗೆ ಹಾಕಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಚಾಸಿಯಲ್ಲಿ ಮೋಟರ್ ಕೂರುವ ಗುಂಡಿಗೆ ಬಿಸಿ ತಾಳುವ ಕ್ಯಾಪ್ಟಾನ್ ಟೇಪ್ ಅಂಟಿಸಿ. ಮಾಮೂಲಿ ಕಪ್ಪು ಇನ್ಸುಲೇಷನ್ ಟೇಪ್ ನನಗೆ ಆಗುವುದೇ ಇಲ್ಲ. ಬೇಸಿಗೆಯಲ್ಲಿ ಅಂಟು ಜಿನುಗಿ, ಟೇಪ್ ಜಾರಿ, ಕೊನೆಗೆ ಅದೇ ಲೋಹ ಮತ್ತೆ ಹೊರಗೆ. ಕ್ಯಾಪ್ಟಾನ್ ಟೇಪ್, ಹೀಟ್ ಶ್ರಿಂಕ್ ಟ್ಯೂಬ್, ರೆಸಿಸ್ಟರ್ ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಮಾಲು.

ಮೊದಲು ಪ್ರೋಗ್ರಾಮಿಂಗ್ ಹಳಿ

ಡಿಕೋಡರ್ ಹಾಕಿದ ಎಂಜಿನನ್ನು ಸೀದಾ ಮುಖ್ಯ ಹಳಿಗೆ ಇಡಬೇಡಿ. ಅಲ್ಲಿ ಹಲವು ಆಂಪ್ ಕರೆಂಟು ಕಾದು ಕೂತಿರುತ್ತದೆ. ಸಿವಿಗಳನ್ನು ಓದಲು, ಬರೆಯಲು ಇರುವ ಬೇರೆ ಹಳಿಯೇ ಪ್ರೋಗ್ರಾಮಿಂಗ್ ಹಳಿ. ಅದರಲ್ಲಿ ಕರೆಂಟಿಗೆ ಮಿತಿ ಇದೆ, ಎನ್‌ಎಂಆರ್‌ಎ ಹೇಳುವ ಪ್ರಕಾರ 250 ಮಿಲಿಆಂಪ್. ವೈರಿಂಗ್ ತಪ್ಪಿದ್ದರೂ ಡಿಕೋಡರ್ ಉಳಿಯುವ ಸಾಧ್ಯತೆ ಹೆಚ್ಚು.

ಅಲ್ಲಿ ಸಿವಿ 8 ಓದಿ. ಅದರಲ್ಲಿ ತಯಾರಕರ ಸಂಖ್ಯೆ ಇರುತ್ತದೆ: ಇಎಸ್‌ಯು ಆದರೆ 151, ಜಿಮೋ 145, ಡಿಜಿಟ್ರಾಕ್ಸ್ 129, ಲೆನ್ಜ್ 99. ಓದುವಾಗ ಎಂಜಿನ್ ಬಿಕ್ಕಳಿಸಿದ ಹಾಗೆ ಚೂರು ಚೂರೇ ಜಗ್ಗುತ್ತದೆ. ಡಿಕೋಡರ್ ಉತ್ತರ ಕೊಡುವುದೇ ಹಾಗೆ. ಸುಮಾರು 6 ಮಿಲಿಸೆಕೆಂಡ್ ಮೋಟರ್ ಚಾಲೂ ಮಾಡಿ ಕನಿಷ್ಠ 60 ಮಿಲಿಆಂಪ್ ಎಳೆಯುತ್ತದೆ, ಕಮಾಂಡ್ ಸ್ಟೇಷನ್ ಅದನ್ನು ಗಮನಿಸುತ್ತದೆ. ಹಾಗಾಗಿ ಸಿವಿ 8 ಸರಿಯಾಗಿ ಬಂತು ಅಂದರೆ ಒಂದೇ ಏಟಿಗೆ ಮೂರು ವಿಷಯ ಗೊತ್ತಾದವು: ಹಳಿಯಿಂದ ಕರೆಂಟು ಬರುತ್ತಿದೆ, ಡಿಕೋಡರ್ ಜೀವಂತ ಇದೆ, ಮೋಟರ್ ವೈರು ಸೇರಿದೆ.

ಉತ್ತರ ಬರದಿದ್ದರೆ ಡಿಕೋಡರ್ ಸತ್ತಿದೆ ಅಂತಲ್ಲ. ಮೋಟರ್ ವೈರು ಬಿಟ್ಟಿದ್ದರೂ ಉತ್ತರ ಬರುವುದಿಲ್ಲ. ಚಕ್ರ ಕೊಳೆಯಾಗಿದ್ದರೂ ಅಷ್ಟೇ. ಎಂಜಿನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಮತ್ತೆ ಓದಿಸಿ. ಸೌಂಡ್ ಡಿಕೋಡರ್ ಆಗಿದ್ದು, ಜೊತೆಗೆ ದೊಡ್ಡ ಕೆಪಾಸಿಟರ್ ಇದ್ದರೆ ಅದು ಚಾರ್ಜ್ ಆಗುವಾಗಲೇ ಮಿತಿ ದಾಟಿ ಓದುವಿಕೆ ಕೆಡುತ್ತದೆ. ಕೆಪಾಸಿಟರಿನ ಒಂದು ವೈರು ಬಿಚ್ಚಿ ನೋಡಿ.

ಪ್ರೋಗ್ರಾಮಿಂಗ್ ಹಳಿ ಇಲ್ಲದವರು ಮುಖ್ಯ ಹಳಿಗೆ ಹೋಗುವ ಒಂದು ವೈರಿನ ನಡುವೆ ಬೈಕಿನ 12 ವೋಲ್ಟ್ ಇಂಡಿಕೇಟರ್ ಬಲ್ಬು ಹಾಕಿ. ಎಂಜಿನ್ ಇಟ್ಟ ಕೂಡಲೇ ಬಲ್ಬು ಜೋರಾಗಿ ಉರಿದರೆ ಶಾರ್ಟ್ ಇದೆ. ಉರಿಯದೇ ಇದ್ದರೆ ಮುಂದುವರಿಯಿರಿ.

ಓಡುತ್ತದೆ, ಆದರೆ ಉಲ್ಟಾ

ಎಂಟು ಪಿನ್ನಿನ ಸಾಕೆಟ್ ಇರುವ ಎಂಜಿನ್‌ಗಳಲ್ಲಿ ಒಂದು ಮಜಾ ದೋಷವಿದೆ. ಎಂಜಿನ್ ಓಡುತ್ತದೆ, ಮುಂದಕ್ಕೆ ಅಂದರೆ ಹಿಂದಕ್ಕೆ ಹೋಗುತ್ತದೆ, ಲೈಟು ಎರಡೂ ಬರುವುದಿಲ್ಲ. ಪ್ಲಗ್ 180 ಡಿಗ್ರಿ ತಿರುಗಿ ಕೂತಿದೆ. ಪಿನ್ನುಗಳ ಜೋಡಣೆ ನೋಡಿದರೆ ಕಾರಣ ಗೊತ್ತಾಗುತ್ತದೆ. 1ರಲ್ಲಿ ಕಿತ್ತಳೆ, ಎದುರು ಮೂಲೆಯ 5ರಲ್ಲಿ ಬೂದು: ಅದಲು ಬದಲಾದರೆ ಮೋಟರ್ ತಿರುಗುಮುರುಗು. 4ರಲ್ಲಿ ಕಪ್ಪು, 8ರಲ್ಲಿ ಕೆಂಪು: ಇವು ಬದಲಾದರೂ ಡಿಸಿಸಿಗೆ ಏನೂ ವ್ಯತ್ಯಾಸ ಇಲ್ಲ. 3ರಲ್ಲಿ ಹಸಿರು, 7ರಲ್ಲಿ ನೀಲಿ: ಇಲ್ಲೇ ಲೈಟಿನ ಪ್ಲಸ್ ಕಳೆದುಹೋಗುತ್ತದೆ. ಕಿತ್ತಳೆ ವೈರು ಸಾಕೆಟ್ಟಿನ 1 ಅಂತ ಗುರುತು ಇರುವ ಮೂಲೆಗೆ ಬರುವಂತೆ ತಿರುಗಿಸಿ ಚುಚ್ಚಿದರೆ ಮುಗಿಯಿತು. ಇಷ್ಟು ಯೋಚನೆ ಮಾಡಿ ಪಿನ್ನು ಜೋಡಿಸಿದವರನ್ನು ಮೆಚ್ಚಬೇಕು, ತಪ್ಪಾಗಿ ಚುಚ್ಚಿದರೂ ಏನೂ ಸುಡುವುದಿಲ್ಲ.

ನೇರವಾಗಿ ವೈರು ಬೆಸುಗೆ ಹಾಕಿದ ಎಂಜಿನ್ ಉಲ್ಟಾ ಹೋದರೆ ಲೈಟು ನೋಡಿ. ಹಿಂದಕ್ಕೆ ಹೋಗುವಾಗ ಮುಂದಿನ ಲೈಟು ಉರಿದರೆ ಕಿತ್ತಳೆ-ಬೂದು ಅದಲು ಬದಲಾಗಿದೆ, ಅದನ್ನೇ ಬದಲಿಸಿ. ಇದನ್ನು ಸಿವಿ 29ರಲ್ಲಿ ಸರಿಮಾಡಲು ಹೋಗಬೇಡಿ. ಅಲ್ಲಿ ದಿಕ್ಕು ತಿರುಗಿಸಿದರೆ ಮೋಟರ್ ಜೊತೆಗೆ ಲೈಟೂ ತಿರುಗುತ್ತದೆ, ಹೊಂದಾಣಿಕೆ ತಪ್ಪಿದ್ದು ತಪ್ಪಿದ ಹಾಗೇ ಇರುತ್ತದೆ. ಹೋಗುವ ದಿಕ್ಕಿನ ಲೈಟೇ ಉರಿಯುತ್ತಿದ್ದು, ಎಂಜಿನ್ನಿನ ಯಾವ ತುದಿ ಮುಂದು ಅನ್ನುವುದಷ್ಟೇ ಬದಲಾಗಬೇಕಿದ್ದರೆ ಆಗ ಸಿವಿ 29ಕ್ಕೆ 1 ಸೇರಿಸಿ: 6 ಇದ್ದರೆ 7.

ಸಿವಿ ಓದುತ್ತದೆ, ಮುಖ್ಯ ಹಳಿಯಲ್ಲಿ ಮಾತ್ರ ಕೇಳುವುದಿಲ್ಲ

ಇದು ವೈರಿಂಗ್ ದೋಷ ಅಲ್ಲವೇ ಅಲ್ಲ. ಹೊಸ ಡಿಕೋಡರ್‌ನ ವಿಳಾಸ 3. ಮೊದಲು 3ಕ್ಕೆ ಕರೆದು ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಸಿವಿ 19 ಓದಿ. ಅದು ಹಲವು ಎಂಜಿನ್ ಜೋಡಿಸಿ ಓಡಿಸುವಾಗಿನ ವಿಳಾಸ. ಹಿಂದಿನ ಮಾಲೀಕರು ಅಳಿಸದೇ ಬಿಟ್ಟಿದ್ದರೆ ಎಂಜಿನ್ ಸ್ವಂತ ವಿಳಾಸಕ್ಕೆ ಓಡುವುದಿಲ್ಲ. ಅದನ್ನು 0 ಮಾಡಿ.

ಉದ್ದನೆಯ ವಿಳಾಸ ಸಿವಿ 17 ಮತ್ತು 18ರಲ್ಲಿ ಕೂರುತ್ತದೆ, ಸಿವಿ 29ರಲ್ಲಿ ಅದಕ್ಕೆ 32 ಸೇರಿಸಬೇಕು. ವಿಳಾಸ ಬರೆದು 29 ಮರೆತವರಿಗೆ ಎಂಜಿನ್ ಇನ್ನೂ ಹಳೆಯ ನಂಬರಿಗೇ ಓಗೊಡುತ್ತದೆ. ನಮ್ಮ ರೈಲ್ವೆಯ ಮಾದರಿ ಮಾಡುವವರಿಗೆ ಇಲ್ಲೊಂದು ತೊಡಕು. ಹುಬ್ಬಳ್ಳಿ ಶೆಡ್ಡಿನಲ್ಲಿ ಬೇರೂರಿದ ಡಬ್ಲ್ಯೂಡಿಜಿ-4 ಎಂಜಿನ್‌ಗಳ ನಂಬರು 12001ರಿಂದ ಶುರು. ಡಿಸಿಸಿ ವಿಳಾಸ 10239ಕ್ಕೇ ನಿಲ್ಲುತ್ತದೆ, ಬಹಳಷ್ಟು ಕಮಾಂಡ್ ಸ್ಟೇಷನ್‌ಗಳಲ್ಲಿ 9999ಕ್ಕೆ. ಕೊನೆಯ ನಾಲ್ಕು ಅಂಕಿ ತೆಗೆದುಕೊಳ್ಳುವುದೇ ದಾರಿ. 2001 ಅಂದುಕೊಳ್ಳಿ. 256ರಿಂದ ಭಾಗಿಸಿದರೆ 7, ಶೇಷ 209. ಸಿವಿ 17ಕ್ಕೆ 192ರ ಜೊತೆ 7 ಕೂಡಿಸಿ 199, ಸಿವಿ 18ಕ್ಕೆ 209, ಸಿವಿ 29ರಲ್ಲಿ 6 ಇದ್ದರೆ 32 ಕೂಡಿಸಿ 38.

ಎಲ್ಲ ಗೋಜಲಾದರೆ ಡಿಕೋಡರ್ ರಿಸೆಟ್ ಮಾಡಿ. ಬಹಳಷ್ಟು ಕಂಪನಿಗಳಲ್ಲಿ ಸಿವಿ 8ಕ್ಕೆ 8 ಬರೆದರೆ ಸಾಕು. ಎನ್‌ಸಿಇಯಲ್ಲಿ ಸಿವಿ 30ಕ್ಕೆ 2.

ಲೈಟಿನ ತಕರಾರು

ಎಲ್‌ಇಡಿ ಉರಿಯದಿದ್ದರೆ ಮೊದಲು ಕಾಲು ನೋಡಿ. ಉದ್ದನೆಯ ಕಾಲು ನೀಲಿಗೆ, ಗಿಡ್ಡ ಕಾಲು ಬಿಳಿಗೆ ಅಥವಾ ಹಳದಿಗೆ. ಪ್ರತಿ ಎಲ್‌ಇಡಿಗೂ ಬೇರೆ ಬೇರೆ 1 ಕಿಲೋ ಓಮ್ ರೆಸಿಸ್ಟರ್ ಇರಲಿ. 14 ವೋಲ್ಟ್ ಇದ್ದು, ಬಿಳಿ ಎಲ್‌ಇಡಿ 3 ವೋಲ್ಟ್ ತಿಂದರೆ ಸುಮಾರು 11 ಮಿಲಿಆಂಪ್ ಹರಿಯುತ್ತದೆ, ಬೇಕಾದಷ್ಟು ಬೆಳಕು. ಕಣ್ಣು ಕುಕ್ಕಿದರೆ 2.2 ಕಿಲೋ ಓಮ್ ಹಾಕಿ. ಹಳೆಯ 1.5 ವೋಲ್ಟ್ ಬಲ್ಬನ್ನು ಹಾಗೇ ಸೇರಿಸಿದರೆ ಒಂದು ಮಿಂಚು, ಆಮೇಲೆ ಕತ್ತಲೆ.

ಲೈಟು ಮಂಕಾಗಿ, ನಡುಗುತ್ತಾ ಉರಿದರೆ ಬಲ್ಬಿನ ಒಂದು ಕಾಲು ಇನ್ನೂ ಚಾಸಿಯಲ್ಲೇ ಇದೆ. ಅರ್ಧ ಅಲೆ ಮಾತ್ರ ಸಿಗುತ್ತಿದೆ. ಬಿಡಿಸಿ ನೀಲಿಗೆ ಸೇರಿಸಿ. ವೇಗ ಏರಿಸಿದ ಹಾಗೆ ಲೈಟು ಒಮ್ಮೆ ಹತ್ತಿ ಒಮ್ಮೆ ಆರಿದರೆ ವೈರು ಮುಟ್ಟಲೇಬೇಡಿ. ಕಮಾಂಡ್ ಸ್ಟೇಷನ್ 28 ಹಂತದ ವೇಗ ಕಳಿಸುತ್ತಿದೆ, ಡಿಕೋಡರ್ 14 ಹಂತ ಅಂದುಕೊಂಡಿದೆ. ಸಿವಿ 29ಕ್ಕೆ 2 ಸೇರಿಸಿ. ಬಿಳಿ ವೈರು ಎಲ್ಲೋ ನೀಲಿಗೆ ತಾಗಿ ಆ ಒಂದು ಔಟ್‌ಪುಟ್ ಮಾತ್ರ ಸುಟ್ಟಿದ್ದರೆ ಡಿಕೋಡರ್ ಎಸೆಯಬೇಕಿಲ್ಲ, ಲೈಟನ್ನು ಹಸಿರು ವೈರಿಗೆ ಬದಲಿಸಿ ಕೆಲಸ ಸಾಗಿಸಬಹುದು.

ತಡವರಿಸುತ್ತದೆ, ಓಟ ಕೀಳುತ್ತದೆ, ಬಿಸಿಯಾಗುತ್ತದೆ

ತಡವರಿಸುವಾಗ ಲೈಟನ್ನು ಗಮನಿಸಿ. ಲೈಟೂ ಜೊತೆಗೆ ಮಿಣಮಿಣ ಅಂದರೆ ಕರೆಂಟು ಬರುವುದರಲ್ಲೇ ಅಡಚಣೆ. ಚಕ್ರ, ಹಳಿ, ಬೋಗಿಯ ಸಂಪರ್ಕ ನೋಡಿ. ಟಿಶ್ಯೂ ಕಾಗದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳಿಗೆ ಅಡ್ಡ ಹಾಸಿ, ಒಂದು ಬೋಗಿಯನ್ನು ಅದರ ಮೇಲೆ ತಿರುಗಿಸಿ. ಬರುವ ಕಪ್ಪು ಗೆರೆ ನೋಡಿದರೆ ಬೇರೆ ಸಾಕ್ಷಿ ಬೇಡ. ಒತ್ತಿ ಕೂರುವ ಸಂಪರ್ಕಗಳ ಮೇಲೆ ನನಗೆ ನಂಬಿಕೆಯಿಲ್ಲ, ಬೋಗಿಯಿಂದ ಡಿಕೋಡರ್‌ವರೆಗೆ ಮೆತ್ತನೆಯ ವೈರನ್ನೇ ಬೆಸುಗೆ ಹಾಕುವುದು ವಾಸಿ.

ಲೈಟು ಸ್ಥಿರವಾಗಿದ್ದು ಮೋಟರ್ ಮಾತ್ರ ಜಗ್ಗಿದರೆ ಬ್ರಷ್‌ಗಳ ನಡುವೆ ರೇಡಿಯೊ ಗಲಾಟೆ ತಡೆಯಲು ಹಾಕಿದ ಪುಟ್ಟ ಕೆಪಾಸಿಟರ್ ಇದೆಯಾ ನೋಡಿ. ಮೋಟರ್ ವೇಗವನ್ನು ಅಳೆಯುವ ಡಿಕೋಡರ್‌ಗೆ ಅದು ಅಡ್ಡಿ, ಕತ್ತರಿಸಿ ತೆಗೆಯಿರಿ. ಇಎಸ್‌ಯು ಲೋಕ್‌ಪೈಲಟ್, ಲೋಕ್‌ಸೌಂಡ್‌ಗಳ 4 ಮತ್ತು 5ನೇ ಪೀಳಿಗೆಯಲ್ಲಿ ಸಿವಿ 54ಕ್ಕೆ 0 ಬರೆದು ಎಫ್ 1 ಒತ್ತಿದರೆ ಎಂಜಿನ್ ಜೋರಾಗಿ ಓಡಿ ತನ್ನ ಮೋಟರನ್ನು ತಾನೇ ಅಳೆದುಕೊಳ್ಳುತ್ತದೆ. ಮುಂದೆ ಉದ್ದದ ಹಳಿ ಖಾಲಿ ಇರಲಿ.

ಎಲ್ಲೋ ಶಾರ್ಟ್ ಆಗಿ ಕರೆಂಟು ಹೋಗಿ ಬಂದ ಕೂಡಲೇ ಎಂಜಿನ್ ಹೇಳದೆ ಕೇಳದೆ ಪೂರ್ತಿ ವೇಗದಲ್ಲಿ ಓಟ ಕಿತ್ತರೆ, ಡಿಕೋಡರ್ ಅದನ್ನು ಡಿಸಿ ಹಳಿ ಅಂದುಕೊಂಡಿದೆ. ಸಿವಿ 29ರಿಂದ 4 ಕಳೆಯಿರಿ: 6 ಇದ್ದರೆ 2, 38 ಇದ್ದರೆ 34.

ಹತ್ತು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ತಾನಾಗೇ ಓಡಿದರೆ ಅದು ಬಿಸಿ. ಡಿಕೋಡರನ್ನು ಸುತ್ತಲೂ ಟೇಪಿನಿಂದ ಬಿಗಿದಿದ್ದರೆ ಬಿಚ್ಚಿ, ಲೋಹ ತಾಗುವ ಕಡೆ ಮಾತ್ರ ಒಂದು ಪದರ ಇರಲಿ. ಆಮೇಲೂ ಬಿಸಿಯಾದರೆ ಮೋಟರ್ ಜಾಸ್ತಿ ಕರೆಂಟು ಕುಡಿಯುತ್ತಿದೆ.

ಇನ್ನೂ ಅನುಮಾನವೇ?

ಈಗ ಡಿಕೋಡರ್ ಸರದಿ. ಎಂಜಿನ್ನಿನಿಂದ ಪೂರ್ತಿ ಹೊರತೆಗೆಯಿರಿ. ಕೆಂಪು-ಕಪ್ಪನ್ನು ಹಳಿಯ ಕರೆಂಟಿಗೆ, ಕಿತ್ತಳೆ-ಬೂದಿನ ನಡುವೆ 12 ವೋಲ್ಟಿನ ಚಿಕ್ಕ ಬಲ್ಬು. ವೇಗ ಏರಿಸಿದ ಹಾಗೆ ಬಲ್ಬಿನ ಬೆಳಕು ಏರಿದರೆ ಡಿಕೋಡರ್ ಗಟ್ಟಿಯಾಗಿದೆ, ದೋಷ ಎಂಜಿನ್ನಿನಲ್ಲೇ ಇದೆ, ಮತ್ತೆ ಮೀಟರ್ ಹಿಡಿಯಿರಿ. ಒಂದು ದಿಕ್ಕಿಗೆ ಮಾತ್ರ ಉರಿದರೆ, ಅಥವಾ ವೇಗ 0 ಇದ್ದರೂ ಉರಿದರೆ, ಮೋಟರ್ ಓಡಿಸುವ ಭಾಗ ಹೋಗಿದೆ. ಲೈಟು ಮಾತ್ರ ಕೆಲಸ ಮಾಡುವ ಅಂಥ ಡಿಕೋಡರನ್ನು ಪ್ರಯಾಣಿಕರ ಬೋಗಿಯ ದೀಪಕ್ಕೆ ಇಟ್ಟುಕೊಳ್ಳಬಹುದು.

ಹಳಿಯ ವೋಲ್ಟೇಜನ್ನು ಅಗ್ಗದ ಮೀಟರಿನಲ್ಲಿ ಎಸಿಗೆ ಇಟ್ಟು ನೋಡಿದಾಗ 14ರ ಬದಲು ಏನೇನೋ ಸಂಖ್ಯೆ ಬಂದರೆ ಗಾಬರಿ ಬೇಡ. ಆ ಮೀಟರು ಮನೆಯ 50 ಹರ್ಟ್ಜ್ ಕರೆಂಟಿಗೆ ಮಾಡಿದ್ದು, ಇಲ್ಲಿನ ಅಲೆ 8 ಕಿಲೋಹರ್ಟ್ಜ್ ಮುಟ್ಟುತ್ತದೆ.

ಹೊಸ ಡಿಕೋಡರ್ ತರಿಸುವ ಮುಂಚೆ ಮೋಟರ್ ಎಷ್ಟು ಕರೆಂಟು ಎಳೆಯುತ್ತದೆ ಅಂತ ಅಳೆಯಿರಿ. ಬರೀ ಮೋಟರ್‌ಗೆ 12 ವೋಲ್ಟ್ ಡಿಸಿ ಕೊಡಿ, ನಡುವೆ ಮಲ್ಟಿಮೀಟರನ್ನು 10 ಆಂಪ್ ಗುಂಡಿಗೆ ಚುಚ್ಚಿ ಸೇರಿಸಿ. ಫ್ಲೈವೀಲನ್ನು ಬೆರಳಿನಿಂದ ಒಂದು ಸೆಕೆಂಡ್ ಪೂರ್ತಿ ನಿಲ್ಲಿಸಿ ಸಂಖ್ಯೆ ನೋಡಿ, ಕೂಡಲೇ ಬಿಡಿ. ಬಹಳಷ್ಟು ಎಚ್‌ಒ ಡಿಕೋಡರ್‌ಗಳು ಒಂದೇ ಸಮನೆ 1 ಆಂಪ್, ಕ್ಷಣಕಾಲ 2 ಆಂಪ್ ತಾಳುತ್ತವೆ. ನಿಮ್ಮ ಸಂಖ್ಯೆ 1ರ ಒಳಗಿದ್ದರೆ ಯಾವುದಾದರೂ ಆದೀತು. 2 ದಾಟಿದರೆ ಡಿಕೋಡರ್ ಬದಲು ಮೋಟರ್ ಬದಲಿಸಿ. ಮೀಟರಿನ ಕೆಂಪು ವೈರನ್ನು 10 ಆಂಪ್ ಗುಂಡಿಯಿಂದ ತೆಗೆದು ವಾಪಸ್ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಸಲ ವೋಲ್ಟೇಜ್ ನೋಡಲು ಹೋಗಿ ಹಳಿಯನ್ನೇ ಶಾರ್ಟ್ ಮಾಡುತ್ತೀರಿ.